ತುಳಿದರೆ ತುಂಬುವ ಫೋನು

ಬೆಸುಗೆ ಹಾಕುವಾಗ ಕರಗುವ ರಾಳದ ವಾಸನೆ ನಿಮಗೂ ಗೊತ್ತಿರಬಹುದು. ಇವತ್ತು ಬೆಳಿಗ್ಗೆ ಹೆಂಡತಿಯ ಕೋಣೆಯಿಂದ ಅದು ತೇಲಿಬಂದಾಗ ಚಹದ ಲೋಟ ಹಿಡಿದು ಹಾಗೆಯೇ ನಿಂತೆ. ಹೊಸ ಸಂಸಾರದ ದಿನಗಳು ಕೆಲವರಿಗೆ ಮಲ್ಲಿಗೆಯಿಂದ ನೆನಪಾಗುತ್ತವಂತೆ. ನನಗೆ ರಾಳ ಸಾಕು.

ಆಗ ನಾವು ಕಲ್ಕತ್ತೆಯ ಡಮ್ ಡಮ್‌ನಲ್ಲಿ ಬಾಡಿಗೆಗಿದ್ದೆವು. ನಾನು ಮೈಸೂರಿನವನು, ಸಾಲ್ಟ್ ಲೇಕ್‌ನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಬರೆಯುತ್ತಿದ್ದೆ. ವಸುಧಾ ಧಾರವಾಡದವಳು, ಎಲೆಕ್ಟ್ರಾನಿಕ್ಸ್ ಓದಿದವಳು. ಫ್ಯೂಸ್ ಹೋದರೆ ಕುರ್ಚಿ ಹಿಡಿಯುವುದು ನನ್ನ ಪಾಲು, ಹತ್ತುವುದು ಅವಳ ಪಾಲು. ಜರ್ಮನಿಯ ಸಹೋದ್ಯೋಗಿಯೊಬ್ಬ ಊರಿಗೆ ಮರಳುವಾಗ ತನ್ನ ಸೈಕಲ್ಲನ್ನು ನನಗೆ ಬಿಟ್ಟುಹೋಗಿದ್ದ. ಅದರ ಮುಂದಿನ ಚಕ್ರದ ನಡುವಿನ ಹಬ್ಬಿನೊಳಗೇ ಡೈನಮೋ. ಟೈರಿಗೆ ಉಜ್ಜಿ ಗುರುಗುಟ್ಟುವ ನಮ್ಮೂರಿನ ಜಾತಿಯಲ್ಲ, ತಾನಿರುವುದನ್ನೇ ಹೇಳಿಕೊಳ್ಳದ ಜಾತಿ.

ಆ ವರ್ಷ ನಮ್ಮ ಮಗು ಹೊಟ್ಟೆಯಲ್ಲೇ ಹೋಯಿತು. ವಸುಧಾ ಮಾತು ನಿಲ್ಲಿಸಿದಳು. ಅಡುಗೆ ಮಾಡುವಳು, ಬಟ್ಟೆ ಮಡಿಸುವಳು, ಕಿಟಕಿಯ ಬಳಿ ಕೂರುವಳು. ನಾನು ಆಫೀಸಿನಿಂದ ಮತ್ತೆ ಮತ್ತೆ ಫೋನ್ ಮಾಡಿ “ಊಟ ಆಯ್ತಾ?” ಎನ್ನುತ್ತಿದ್ದೆ. “ಹೂಂ” ಎನ್ನುತ್ತಿದ್ದಳು. ಆ ಒಂದು ಹೂಂಗಾಗಿ ಫೋನಿನ ಮುದಿ ಬ್ಯಾಟರಿ ಸಂಜೆಯೊಳಗೆ ಪ್ರಾಣ ಬಿಡುತ್ತಿತ್ತು.

ಒಂದು ಸಂಜೆ ಮಳೆ ಹೊಯ್ದು ರಸ್ತೆಯೆಲ್ಲ ಮೊಣಕಾಲುದ್ದ ನೀರು. ಸೈಕಲ್ ತಳ್ಳಿಕೊಂಡು ತಡವಾಗಿ ಬಂದೆ. ಫೋನ್ ಸತ್ತಿತ್ತು. ವಸುಧಾ ಗೇಟಿನ ಬಳಿ ನೀರಿನಲ್ಲೇ ನಿಂತಿದ್ದಳು, ಪಕ್ಕದಲ್ಲಿ ಛತ್ರಿ ಹಿಡಿದು ಮನೆಯೊಡತಿ ಮಾಶಿಮಾ. ವಸುಧಾ ನನ್ನನ್ನು ಬೈಯಲಿಲ್ಲ. ಬಹಳ ಹೊತ್ತು ಮುಂದಿನ ಚಕ್ರವನ್ನೇ ನೋಡಿದಳು.

“ಈ ಡೈನಮೋ ಎಷ್ಟು ವೋಲ್ಟ್ ಕೊಡ್ತದ?”

“ಆರು ಅಂತ ಬರೆದಿದೆ. ನೇರವಾಗಿ ಫೋನಿಗೆ ಕೊಟ್ರೆ ಆಗಲ್ವಾ?”

“ಸುಟ್ಟು ಹೋಗ್ತದ. ಇದು ಎಸಿ, ಫೋನಿಗೆ ಬೇಕಾದ್ದು ಡಿಸಿ. ನೀವು ಜೋರ್ ತುಳಿದ್ರ ವೋಲ್ಟೇಜ್ ಎಲ್ಲೆಲ್ಲಿಗೋ ಏರ್ತದ, ಸಿಗ್ನಲ್‌ನ್ಯಾಗ ನಿಂತ್ರ ಏನೂ ಇರಂಗಿಲ್ಲ. ನಡುವ ಒಂದು ಬ್ಯಾಟರಿ ಇಡಬೇಕು. ಏರಿಳಿತ ಎಲ್ಲಾ ಅದು ತಡಕೊಂಡು, ಫೋನಿಗೆ ಸಮಾಧಾನದಾಗ ಕೊಡ್ಲಿ.”

ಫೋನಿಗೇ ಹೊಸ ಬ್ಯಾಟರಿ ಕೊಂಡಿದ್ದರೆ ಮುಗಿಯುತ್ತಿತ್ತಲ್ಲ ಎನ್ನುತ್ತೀರಿ. ಮುಗಿಯುತ್ತಿತ್ತು. ಆದರೆ ಅಷ್ಟುದ್ದದ ಮಾತು ಅವಳ ಬಾಯಿಂದ ಕೇಳಿ ತಿಂಗಳುಗಳಾಗಿದ್ದವು. ಹಾಗಾಗಿ ಬಾಯಿ ಮುಚ್ಚಿಕೊಂಡೆ. ಸಂಸಾರದಲ್ಲಿ ನಾನು ತೋರಿದ ಜಾಣತನ ಅದೊಂದೇ ಇರಬೇಕು.

ಆ ವಾರವೇ ಅವಳು ಒಬ್ಬಳೇ ಮೆಟ್ರೋ ಹತ್ತಿ ಚಾಂದನಿ ಮಾರ್ಕೆಟ್ಟಿಗೆ ಹೋಗಿ ಡಯೋಡು, ಕೆಪಾಸಿಟರ್, ರೆಗ್ಯುಲೇಟರ್, ಒಂದು ಪುಟ್ಟ ಬ್ಯಾಟರಿ ತಂದಳು. ಎಲ್ಲವನ್ನೂ ಒಂದು ಸೋಪಿನ ಡಬ್ಬಿಯೊಳಗೆ ಕೂರಿಸಿ, ಗಾಳಿಯಾಡಲೆಂದು ತಳಕ್ಕೆ ತೂತು ಕೊರೆದಳು. ಅಂಗಳದಲ್ಲಿ ಸೈಕಲ್ ತಲೆಕೆಳಗಾಗಿ ನಿಂತಿತು. ಮಾಶಿಮಾ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಕ್ರ ತಿರುಗಿಸುವರು, ವಸುಧಾ ಮೀಟರ್ ನೋಡುವಳು.

“ಔರ್ ಜೋರ್ ಸೇ, ಬೌಮಾ?” ಎಂದು ಮಾಶಿಮಾ. ಬೌಮಾ ಎಂದರೆ ಬಂಗಾಳಿಯಲ್ಲಿ ಸೊಸೆ.

“ಇನ್ನಷ್ಟು ಜೋರ್ ತಿರಗಸ್ರಿ,” ಎಂದು ಇವಳು ಅಪ್ಪಟ ಧಾರವಾಡದಲ್ಲಿ. ಚಕ್ರ ಇನ್ನಷ್ಟು ಜೋರಾಗಿ ತಿರುಗುತ್ತಿತ್ತು.

ಎಷ್ಟು ತಿರುಗಿಸಿದರೂ ಮೀಟರಿನ ಮುಳ್ಳು ಫೋನಿಗೆ ಬೇಕಾದ ಐದು ವೋಲ್ಟಿನ ಹತ್ತಿರವೇ ನಿಂತ ಮೇಲೂ ವಸುಧಾ ನನ್ನ ಫೋನನ್ನು ಅದಕ್ಕೆ ಹಚ್ಚಗೊಡಲಿಲ್ಲ. “ಮೊದಲ ನಂದು ಹಚ್ಚೋಣು. ಸುಟ್ರ ನಂದು ಸುಡ್ಲಿ.” ಸುಡಲಿಲ್ಲ.

ಡಬ್ಬಿ ಸೈಕಲ್ಲಿನ ಹ್ಯಾಂಡಲಿಗೆ ಏರಿತು. ಅಲ್ಲಿಂದ ಫೋನ್ ಮಾಡುವ ಕೆಲಸ ಅವಳದಾಯಿತು. “ಡಬ್ಬಿ ಮುಟ್ಟಿ ನೋಡ್ರಿ, ಬಿಸಿ ಆಗ್ಯದೇನು?”

“ಬೆಚ್ಚಗಿದೆ.”

“ಬೆಚ್ಚಗಿದ್ರ ಚಿಂತಿಲ್ಲ. ಕೈ ಸುಡಬಾರದು ನೋಡ್ರಿ.”

ಒಂದು ದಿನ ಡಬ್ಬಿಯ ವಿಚಾರ ಮುಗಿದ ಮೇಲೂ ಅವಳು ಫೋನ್ ಇಡಲಿಲ್ಲ. “ಇವತ್ತ ಮಾಶಿಮಾ ಮುಂದ ಅತ್ತುಬಿಟ್ಟೆ ರೀ,” ಎಂದಳು. “ಕೂಸಿನ ವಿಷಯ ಎಲ್ಲಾ ಕನ್ನಡದಾಗ ಹೇಳಿದೆ. ಆಕಿಗೆ ಎಲ್ಲಾ ತಿಳೀತು.” ನಾನು ಸೈಕಲ್ಲನ್ನು ಒಂದು ಮಿಠಾಯಿ ಅಂಗಡಿಯ ಗೋಡೆಗೆ ಒರಗಿಸಿ, ಅವಳು ಸಾಕೆನ್ನುವವರೆಗೂ ಕೇಳುತ್ತ ನಿಂತೆ.

ನಮಗೆ ಮತ್ತೆ ಮಕ್ಕಳಾಗಲಿಲ್ಲ. ಈಗ ಬಾಲಿಗಂಜ್‌ನ ಈ ಮನೆಯಲ್ಲಿ ವಸುಧಾ ನಮ್ಮ ಬೀದಿಯ ಹುಡುಗಿಯರಿಗೆ ಸರ್ಕ್ಯೂಟ್ ಕಟ್ಟಲು ಕಲಿಸುತ್ತಾಳೆ. ಇಷ್ಟು ವರ್ಷ ಆ ಕೋಣೆಯ ಬಾಗಿಲಿಗೆ ಚಹ ತಲುಪಿಸಿ ಮರಳುತ್ತಿದ್ದವನು ಇವತ್ತು ಒಳಗೆ ಹೋಗಿ ಸ್ಟೂಲಿನ ಮೇಲೆ ಕುಳಿತೆ.

“ಏನ್ ಬೇಕಾಗಿತ್ತು?”

“ನಂಗೂ ಕಲಿಸು.”

ಕನ್ನಡಕದ ಮೇಲಿಂದ ನೋಡಿ, ಬೆಸುಗೆ ಕಡ್ಡಿಯನ್ನು ನನ್ನ ಕೈಗಿತ್ತಳು. ನಾನು ಹಾಕಿದ ಬೆಸುಗೆ ಕಡಲೆಕಾಳಿನಷ್ಟು ದಪ್ಪಗಾಯಿತು. ಅವಳು ನಗಲಿಲ್ಲ. ಅದನ್ನು ಕರಗಿಸಿ ತೆಗೆದು, ನನ್ನ ಮಣಿಕಟ್ಟನ್ನು ತನ್ನ ಕೈಯಿಂದ ಆನಿಸಿ ಹಿಡಿದಳು.

“ಅವಸರ ಮಾಡಬ್ಯಾಡ್ರಿ,” ಎಂದಳು. “ಇನ್ನೊಮ್ಮೆ.”