ಕೊಟ್ಟಿಗೆಯೊಳಗಿನ ಹುಳುತಟ್ಟೆ

ನಮ್ಮ ಭಾವ ಚಲುವಯ್ಯ ಒಂದು ಕಡೆ ಸುಮ್ಮನೆ ಕೂತದ್ದನ್ನು ನಾನು ಕಂಡದ್ದು ಒಂದೇ ಸಲ. ರೇಷ್ಮೆಗೆ ಒಳ್ಳೆಯ ಕಾಲ ಬಂದ ಆ ವರ್ಷಗಳಲ್ಲಿ ದೊಡ್ಡಆಲಹಳ್ಳಿಯ ಜನ ನಡುಮನೆಯನ್ನು ಹುಳಗಳಿಗೆ ಬಿಟ್ಟು ತಾವು ಜಗಲಿಯಲ್ಲಿ ಮಲಗುತ್ತಿದ್ದರು. ಈ ಪುಣ್ಯಾತ್ಮ ಮಲಗುತ್ತಲೇ ಇರಲಿಲ್ಲ. ಅಂಥವನ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಎಂದಾಗ ಬೆಂಗಳೂರಿನ ಡಾಕ್ಟರ ಮೇಲೇ ರೇಗಿದ.

“ಕುಯ್ದು ಬಿಸಾಕಿ ಸ್ವಾಮಿ! ರೋಗದ ಹುಳ ಕಂಡ್ರೆ ನಾವು ಆಗ್ಲೇ ಆರಿಸಿ ಸುಣ್ಣಕ್ಕೆ ಹಾಕ್ತೀವಿ. ನೀವ್ಯಾಕೆ ಇದನ್ನ ಸಾಕ್ತೀರಿ?”

“ಗಡ್ಡೆ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿದೆ,” ಎಂದರು ಡಾಕ್ಟರು. “ಈಗ ಕುಯ್ದರೆ ಪೂರ್ತಿ ಬರಲ್ಲ. ಇಂಜೆಕ್ಷನ್ನು, ನೀವು ಕರೆಂಟು ಅಂತೀರಲ್ಲ ಆ ರೇಡಿಯೇಷನ್ನು, ಎರಡನ್ನೂ ಒಟ್ಟಿಗೆ ಕೊಡ್ತೀವಿ. ಕುಗ್ಗಿದರೆ ಆಪರೇಷನ್. ಕುಗ್ಗದಿದ್ದರೆ ಇಲ್ಲ.”

ಆ ‘ಇಲ್ಲ’ ಭಾವನ ತಲೆಯಲ್ಲಿ ಕೂತುಬಿಟ್ಟಿತು.

ವಾರಗಟ್ಟಲೆ ಕನಕಪುರ ರಸ್ತೆಯ ಬಸ್ಸಿನಲ್ಲಿ ಓಡಾಡಿದೆವು. ಕೂದಲು ಉದುರಿತು, ಮುದ್ದೆ ಸೇರಲಿಲ್ಲ. ಊರಿಗೆ ಬಂದರೆ ಭಾವ ಹುಳುಮನೆಯ ಹೊಸಿಲು ದಾಟಿ ಒಳಗೆ ಹೋಗುತ್ತಿರಲಿಲ್ಲ. ಔಷಧಿ ಹೊಡೆದ ಸೊಪ್ಪು ತಿಂದರೆ ಹುಳ ಸಾಯುತ್ತದೆ, ತನ್ನ ಮೈತುಂಬ ಈಗ ಔಷಧಿಯೇ ಎಂದು ಅವನ ಲೆಕ್ಕ. ಕೊಟ್ಟಿಗೆಯಲ್ಲೇ ಮಲಗಿದ. ಹುಳ ಮುಟ್ಟುವ ಕೈಯೆಂದು ಅಕ್ಕ ಮುನಿತಾಯಮ್ಮನನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅಂಗಳದಲ್ಲಿ ಸುತ್ತುತ್ತಾ ಕಿಟಕಿಯಿಂದ ಕೂಗುವುದೊಂದೇ: “ಸೊಪ್ಪು ಹಾಕ್ದೇನಮ್ಮೀ?” ಅಕ್ಕ ಮುಖ ತಿರುಗಿಸಿ ಅಳುತ್ತಿದ್ದಳು. ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ಗಡ್ಡೆ ಕುಗ್ಗಿದೆಯೇ ಎಂದು ನೋಡುವ ಸ್ಕ್ಯಾನಿನ ದಿನ ಬೆಳಿಗ್ಗೆ ಕರೆಯಲು ಹೋದರೆ ಆಸಾಮಿ ಏಳಲೊಲ್ಲ. ಮಂಚದ ಕೆಳಗಿಂದ ಒಂದು ಬಿದಿರು ತಟ್ಟೆ ಎಳೆದ. ಪಕ್ಕದ ಮನೆಯ ಕೆಂಪಯ್ಯನನ್ನು ಬೇಡಿ ತಂದ ಹುಳಗಳು ಅದರಲ್ಲಿ ಸರಸರ ಸೊಪ್ಪು ಮೇಯುತ್ತಿದ್ದವು.

“ನಾಕು ದಿನದಿಂದ ಇವುಗಳ ಮ್ಯಾಲೆ ಉಸಿರು ಬುಟ್ಟಿವ್ನಿ ಕಣ್ಲಾ. ಒಂದೂ ಸಾಯ್ನಿಲ್ಲ. ಹುಳಾನೇ ಸಾಯಿಸದ ಔಸ್ದಿ ಗಡ್ಡೆ ಕರಗಿಸೀತಾ? ನಾನ್ ಬರಾಕಿಲ್ಲ, ಹೋಗು,” ಎಂದು ಬಿಕ್ಕಿ ಬಿಕ್ಕಿ ಅತ್ತ.

ಬಾಗಿಲಲ್ಲಿದ್ದ ಅಕ್ಕ ಒಳಗೆ ನುಗ್ಗಿದಳು. “ನಿನ್ ಬುದ್ಧಿಗಿಷ್ಟು ಬೆಂಕಿ ಹಾಕ! ಔಸ್ದಿ ಇರೋದು ಗಡ್ಡೆಗೆ, ಹುಳಕ್ಕಲ್ಲ. ಇಷ್ಟು ದಿನ ನನ್ನ ದೂರ ಇಟ್ಟಿದ್ದು ಇದಕ್ಕಾ? ಏಳ್ ಮ್ಯಾಕೆ!” ರಟ್ಟೆ ಹಿಡಿದು ಎಬ್ಬಿಸಿ ನನ್ನ ಜೊತೆ ಬಸ್ಸು ಹತ್ತಿಸಿದಳು.

ಮಧ್ಯಾಹ್ನ ಡಾಕ್ಟರು ಫಿಲಂ ತೋರಿಸಿದರು. ಗಡ್ಡೆ ಅರ್ಧಕ್ಕಿಂತ ಚಿಕ್ಕದಾಗಿತ್ತು, ರಕ್ತನಾಳವನ್ನು ಬಿಟ್ಟಿತ್ತು. ಸೋಮವಾರ ಆಪರೇಷನ್.

“ಹಂಗಾರೆ ನಾನು ಹುಳುಮನೆಗೆ ಹೋಗ್ಬೋದಾ ಸ್ವಾಮಿ?” ಭಾವ ಕೇಳಿದ್ದು ಇಷ್ಟೇ. ಹೋಗಬಹುದು ಎಂದರು.

ಸಂಜೆ ಊರಿಗೆ ಬಂದವನೇ ಒಳಗೆ ಹೋದ. ಗೂಡು ಕಟ್ಟಲು ಹಣ್ಣಾದ ಹುಳಗಳನ್ನು ಅಕ್ಕ ಆರಿಸುತ್ತಿದ್ದಳು. ಅವಳ ಪಕ್ಕದಲ್ಲಿ ಕೂತ.

“ಸೋಮವಾರದ ಗಂಟ ಇಲ್ಲಿಂದ ಏಳಾಕಿಲ್ಲ ಕಣಮ್ಮೀ,” ಅಂದ.