ಸಿನಿಮಾದಲ್ಲಿ ಇಲ್ಲದ ರಾಗ

ಅದು ಸಿನಿಮಾದ ರಾಗವಲ್ಲ, ನಮ್ಮ ಅಮ್ಮ ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹಾಡುತ್ತಿದ್ದದ್ದು. ಇಷ್ಟೇ ಹೇಳಬೇಕಾಗಿತ್ತು. ನಾನು ಹೇಳಲಿಲ್ಲ. ಅದರಿಂದ ನನ್ನ ತಂಗಿಯ ಹಾಡು ರೇಡಿಯೋದಲ್ಲಿ ಬರದೇ ಹೋಯಿತು. ಅಮ್ಮನದೆಂದು ಅವಳಲ್ಲಿ ಉಳಿದಿದ್ದ ಒಂದೇ ಒಂದು ನೆನಪೂ ಸುಳ್ಳಾಗಿಹೋಯಿತು.

ನಾನು ಏಳನೆಯ ಕ್ಲಾಸಿನವರೆಗೆ ಓದಿದವನು. ಅಮ್ಮ ತೀರಿಕೊಂಡಾಗ ನನಗೆ ಹದಿಮೂರು, ತಂಗಿಗೆ ಐದು. ಅವಳನ್ನು ಊರಿನಲ್ಲಿ ಚಿಕ್ಕಮ್ಮ ಸಾಕಿದರು. ನನ್ನನ್ನು ಮಾವ ಮುಂಬಯಿ ಹತ್ತಿರದ ಕಲ್ಯಾಣಕ್ಕೆ ಕರೆದುಕೊಂಡು ಬಂದು ಸ್ಟೇಷನ್ ಹತ್ತಿರದ ಕ್ಯಾಸೆಟ್ ಅಂಗಡಿಯಲ್ಲಿ ಬಿಟ್ಟರು. ಹನ್ನೊಂದು ವರ್ಷ ಅಲ್ಲಿದ್ದೆ. ಹಿಂದಿ, ಮರಾಠಿ, ಕನ್ನಡ, ಯಾವ ಭಾಷೆಯ ಸಿನಿಮಾ ಹಾಡಾದರೂ ಗಿರಾಕಿ ಎರಡು ಸಾಲು ಗುನುಗಿದರೆ ಸಾಕು, ಕೈ ತಾನಾಗಿ ಆ ಕ್ಯಾಸೆಟ್ಟಿನ ಮೇಲೆ ಹೋಗುತ್ತಿತ್ತು. ನನಗೆ ಬಂದ ವಿದ್ಯೆ ಅದೊಂದೇ.

ಈಗ ಡೊಂಬಿವ್ಲಿಯಲ್ಲಿ ಮನೆ, ಮಾಜಿವಾಡಾದ ಹೋಟೆಲೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ. ನಾವು ಕ್ರೈಸ್ತರು. ನಾನು ಹೋಗುವ ಸಭೆಯವರು ಕಾಮೋಠೆಯಲ್ಲಿ ಒಂದು ಫ್ಲ್ಯಾಟಿನ ಒಳಕೋಣೆಯಿಂದ ಕನ್ನಡ ರೇಡಿಯೋ ನಡೆಸುತ್ತಾರೆ. ಫೋನಿನಲ್ಲಿ ಆ್ಯಪ್ ಹಾಕಿಕೊಂಡರೆ ಹಗಲೂ ರಾತ್ರಿ ಕೇಳಬಹುದು. ಅಲ್ಲಿ ಲೋಕದ ಹಾಡು, ಅಂದರೆ ದೇವರದ್ದಲ್ಲದ ಹಾಡು, ಹಾಕುವುದಿಲ್ಲ. ಪದ ದೇವರದ್ದಾಗಿದ್ದರೂ ರಾಗ ಸಿನಿಮಾದ್ದಾಗಿದ್ದರೆ ಅದೂ ಇಲ್ಲ. ಆದರೆ ರಾಗ ಸಿನಿಮಾದ್ದು ಎಂದು ಹೇಳುವವರು ಯಾರು? ಹೇಳಿದರೆ ಆ ಸಿನಿಮಾ ಹಾಡು ಕೇಳಿದ್ದೇನೆಂದು ಒಪ್ಪಿಕೊಂಡ ಹಾಗೆ. ಒಬ್ಬ ಹಿರಿಯರಂತೂ ಮೇಜಿನ ಕೆಳಗೆ ಕಾಲಿನಿಂದ ಸರಿಯಾಗಿ ತಾಳ ಹಾಕುತ್ತಲೇ, "ಇದು ಎಲ್ಲಿಂದೋ ಏನೋ, ನಮಗೆಲ್ಲ ಇಂಥದ್ದು ಗೊತ್ತಾಗೋದಿಲ್ಲಪ್ಪ" ಎನ್ನುತ್ತಿದ್ದರು.

ನಾನು ಸಭೆಯ ಮುಂದೆ ನಿಂತು, ಲೋಕದ ಹಾಡುಗಳನ್ನು ಮಾರಿ ಬದುಕಿದ ಪಾಪಿ ನಾನು ಎಂದು ಸಾಕ್ಷಿ ಹೇಳಿದ್ದೆ. ಒಪ್ಪಿಕೊಂಡ ಪಾಪ ಅಲ್ಲಿ ನನ್ನದೊಬ್ಬನದೇ ಆದ್ದರಿಂದ ರಾಗ ಗುರುತಿಸುವ ಕೆಲಸ ನನಗೆ ಬಂತು. ಶನಿವಾರ ಥಾಣೆ ರೈಲು ಸ್ಟೇಷನ್ನಿನಲ್ಲಿ ಪನ್ವೇಲ್ ಗಾಡಿ ಹಿಡಿದು ಹೋಗಿ, ಜನ ಕಳಿಸಿದ ಹಾಡುಗಳನ್ನು ಕೇಳಿ, ಯಾವುದು ಸಿನಿಮಾದ್ದು ಎಂದು ಹೇಳಬೇಕು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಬೆಂಗಳೂರಿನ ಇಂಜಿನಿಯರುಗಳು ನನ್ನ ಮುಖ ನೋಡುತ್ತಾ ಕೂರುತ್ತಿದ್ದರು. ನಾನು ಸಿನಿಮಾದ್ದು ಎಂದು ತಲೆ ಅಲ್ಲಾಡಿಸಿದರೆ ಹಾಡು ಹೋಯಿತು. ಆ ಕುರ್ಚಿ ನನಗೆ ಬಹಳ ರುಚಿಸಿತು. ಕಲ್ಯಾಣದ ಒಬ್ಬ ಮುದುಕ ರಿಕ್ಷಾದವರು ಹೆಂಡತಿಗೆ ವಾಸಿಯಾದದ್ದಕ್ಕೆ ಕೃತಜ್ಞತೆಯ ಹಾಡು ಕಟ್ಟಿ ಕಳಿಸಿದ್ದರು. ಅದನ್ನೂ ಎರಡನೆಯ ಸಾಲಿನಲ್ಲೇ ಹಿಡಿದು ತೆಗೆಸಿದೆ.

ಅದರ ಮರು ತಿಂಗಳು ತಂಗಿಯ ಹಾಡು ಬಂತು. ಮದುವೆಯಾದ ಮೇಲೆ ಅವಳು ಠಾಕುರ್ಲಿಯಲ್ಲಿದ್ದಾಳೆ. ನನಗೆ ಕಿವಿ ಮಾತ್ರ; ಕಂಠ ಅವಳದು. ಹಾಡು ಶುರುವಾದ ಕೂಡಲೇ ನನಗೆ ಕೆಸರಿನ ವಾಸನೆ ಬಂದಂತಾಯಿತು. ಪದ ದೇವರದ್ದು; ರಾಗ ಅಮ್ಮ ಬೇರೆ ಹೆಂಗಸರ ಸಾಲಿನಲ್ಲಿ ಬಗ್ಗಿಕೊಂಡು ಹಾಡುತ್ತಿದ್ದದ್ದು. ಮೂರನೆಯ ಸಾಲಿನ ಕೊನೆಗೆ ಉಸಿರು ಬಿಟ್ಟು ಮತ್ತೆ ಎತ್ತಿಕೊಳ್ಳುವುದೂ ಹಾಗೆಯೇ ಇತ್ತು. ಐದು ವರ್ಷದ ಮಗು ಬದುವಿನ ಮೇಲೆ ಕೂತು ಇಷ್ಟನ್ನು ಹೇಗೆ ಇಟ್ಟುಕೊಂಡಿತೋ.

"ಇದನ್ನ ಎಲ್ಲೋ ಕೇಳಿದ್ದೀನಿ," ಎಂದರು ಪಾಸ್ಟರ್. "ಸಿನಿಮಾದ್ದಾ ಬ್ರದರ್?"

ತಾಳದ ಹಿರಿಯರು ನಕ್ಕರು. "ಸ್ವಂತ ತಂಗಿದು. ಈಗ ನೋಡೋಣ ನಮ್ಮ ಜಡ್ಜ್ ಸಾಹೇಬ್ರು ಏನ್ ಹೇಳ್ತಾರೆ ಅಂತ."

ಅಲ್ಲ ಎಂದರೆ, ಮತ್ತೆ ಎಲ್ಲಿಯದು ಎಂದು ಕೇಳುತ್ತಾರೆ. ಅಮ್ಮ ಕಂಡವರ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದಳೆಂದು ಹೇಳಬೇಕು. ಆ ಹಾಡು ಊರು ಕಾಯುವ ಭೂತದ, ದೈವದ ಹೆಸರು ಹಿಡಿದು ಶುರುವಾಗುತ್ತಿತ್ತು, ಅದನ್ನೂ ಹೇಳಬೇಕು. ತಂಗಿಯ ಹಾಡೆಂದು ಬಿಟ್ಟುಬಿಟ್ಟ ಎಂದೂ ಅಂದಾರು. ಇವೆಲ್ಲ ಒಟ್ಟಿಗೆ ತಲೆಗೆ ಬಂದವು. ಆದರೆ ನಿಜ ಹೇಳಬೇಕೆಂದರೆ ಅಮ್ಮನ ಬಗ್ಗೆ ನಾಚಿಕೆಯೇ ಮೊದಲು ಬಂತು. ನಾನು ಹೌದೆಂದು ತಲೆ ಅಲ್ಲಾಡಿಸಿದೆ.

"ಯಾವ ಸಿನಿಮಾ?"

"ಹಳೇದು. ಹೆಸರು ನೆನಪಿಲ್ಲ."

ಬೇರೆ ಹಾಡುಗಳಿಗೆ ಹೆಸರು ಹೇಳದೆ ನಾನು ಬಿಟ್ಟವನಲ್ಲ. ಅವತ್ತು ಯಾರೂ ಮತ್ತೆ ಕೇಳಲಿಲ್ಲ.

ತಂಗಿ ನೆರೆಯವರಿಗೆಲ್ಲ ಆ್ಯಪ್ ಹಾಕಿಸಿ, ಹಾಡು ಬರುತ್ತದೆಂದು ಕಾದಿದ್ದಳು. ಬಂದದ್ದು ಸಭೆಯ ಫೋನು. ಲೋಕದ ರಾಗ ಬಳಸಿದ್ದಕ್ಕೆ ಒಂದು ತಪ್ಪೊಪ್ಪಿಗೆ ಬರೆದುಕೊಡಿ ಎಂದರಂತೆ. ಅವಳು ನನಗೆ ಫೋನ್ ಮಾಡಿದಳು.

"ಅಣ್ಣ, ಅದು ಅಮ್ಮ ಹಾಡುತ್ತಿದ್ದದ್ದಲ್ವಾ? ನೀನು ಹೇಳಲಿಲ್ವಾ ಅವರಿಗೆ?"

"ಅವತ್ತು ನಾನು ಹೋಗಿರಲಿಲ್ಲ. ಹೋಟೆಲಿನಲ್ಲಿ ಕೆಲಸ ಇತ್ತು."

"ಮತ್ತೆ ಸಿನಿಮಾದ್ದು ಅಂತ ಹೇಗೆ ಹೇಳ್ತಾರೆ? ಅಮ್ಮ ಎಂತ ಥಿಯೇಟರಿಗೆ ಹೋಗಿದ್ದುಂಟಾ?"

"ಎಲ್ಲಾದ್ರೂ ಕೇಳಿರಬಹುದು," ಎಂದೆ. "ನೀನು ಚಿಕ್ಕವಳು ಆಗ. ನಿನಗೆಂತ ನೆನಪುಂಟು?"

ಆ ಮಾತನ್ನು ನಾನು ಯಾಕೆ ಸೇರಿಸಿದೆನೋ ಗೊತ್ತಿಲ್ಲ. ಅವಳು "ಹೌದು, ಇರಬಹುದು" ಎಂದಳು. ಕಾಗದ ಬರೆದುಕೊಟ್ಟಳು. ಅದನ್ನು ಸಭೆಯಲ್ಲಿ ಓದಿದರು. ನಾನು ಮೂರನೆಯ ಸಾಲಿನಲ್ಲಿ ಕೂತು ಕೇಳಿದೆ. ನೆನಪಿನಲ್ಲಿ ತಪ್ಪಾಯಿತು ಎಂದು ಬರೆದಿದ್ದಳು. ಆಮೇಲೆ ಅವಳು ಹಾಡು ಕಳಿಸಲಿಲ್ಲ, ಅಡುಗೆ ಮಾಡುವಾಗ ಗುನುಗುವುದನ್ನೂ ಬಿಟ್ಟಳು. ನಾನು ಶನಿವಾರದ ಗಾಡಿ ಬಿಡಲಿಲ್ಲ.

ಎರಡು ವರ್ಷ ಹೀಗೇ ಕಳೆಯಿತು. ಕಳೆದ ತಿಂಗಳು ಒಂದು ಭಾನುವಾರ ಅವಳ ಮನೆಗೆ ಊಟಕ್ಕೆ ಹೋಗಿದ್ದೆ. ಊಟವಾದ ಮೇಲೆ ಹನ್ನೊಂದನೆಯ ಕ್ಲಾಸಿನಲ್ಲಿರುವ ಅವಳ ಮಗಳು ಫೋನ್ ಹಿಡಿದು ಪಕ್ಕದಲ್ಲಿ ಕೂತಳು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ.

"ಮಾಮಾ, ಮಮ್ಮಿ ಕಾ ವೋ ಗಾನಾ ಕೌನ್ಸೀ ಪಿಕ್ಚರ್ ಕಾ ಹೈ?"

ಅಮ್ಮನ ಆ ಹಾಡು ಯಾವ ಸಿನಿಮಾದ್ದು ಎಂದು ಅವಳ ಪ್ರಶ್ನೆ; ಯಾವ ಹಾಡು ಎಂದು ಕೇಳುವ ಮೊದಲೇ ನನಗೆ ಗೊತ್ತಾಯಿತು. ಈಗ ರಾಗ ಗುನುಗಿದರೆ ಫೋನೇ ಹಾಡು ಹುಡುಕಿಕೊಡುತ್ತದಂತೆ. ತಾಯಿಯ ಹತ್ತಿರ ಗುನುಗಿಸಿ ಎಷ್ಟೋ ಸಲ ನೋಡಿದ್ದಾಳೆ, ಏನೂ ಸಿಗುತ್ತಿಲ್ಲ.

"ನಿನ್ನ ಮಾಮನ ಮುಂದೆ ನಿನ್ನ ಫೋನ್ ಎಂತದ್ದು?" ಎಂದಳು ತಂಗಿ. ತಟ್ಟೆ ಎತ್ತುತ್ತಿದ್ದವಳು ನಿಂತು ನನ್ನ ಕಡೆ ತಿರುಗಿದಳು. "ಅಣ್ಣ, ನೀನೇ ಹೇಳು. ಎಷ್ಟು ಹಳೇ ಸಿನಿಮಾ ಆದ್ರೂ ಪರವಾಗಿಲ್ಲ. ಅಮ್ಮ ಕೇಳಿದ ಹಾಡು ಯಾವುದು ಅಂತ ಒಮ್ಮೆ ನೋಡ್ಬೇಕು ನಂಗೆ, ಅಷ್ಟೇ."

ಅವಳಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಮತ್ತೊಂದು ಸುಳ್ಳು ಹೇಳುತ್ತಿದ್ದೆನೋ ಏನೋ. ಯಾವುದೋ ಒಂದು ಸಿನಿಮಾದ ಹೆಸರು ನಾಲಿಗೆಯ ತುದಿಗೂ ಬಂದಿತ್ತು. ಹೇಳಿದ್ದರೆ ಆ ಹುಡುಗಿ ಅದನ್ನು ಹಾಕಿ ತೋರಿಸುತ್ತಿದ್ದಳು. ತಂಗಿ ನಂಬುವುದಕ್ಕೆ ಪ್ರಯತ್ನಿಸುತ್ತಾ ಕೂತು ಪೂರ್ತಿ ಕೇಳುತ್ತಿದ್ದಳು.

"ಅಂಥ ಸಿನಿಮಾ ಇಲ್ಲ," ಎಂದೆ. "ಅದು ಅಮ್ಮನ ಹಾಡು. ನೇಜಿ ನೆಡುವಾಗಿನದ್ದು. ನಿನಗೆ ಸರಿಯಾಗಿಯೇ ನೆನಪುಂಟು."

ಅವಳು ತಟ್ಟೆಗಳನ್ನು ಕೆಳಗಿಟ್ಟಳು.

"ಅವತ್ತು ನಾನು ಅಲ್ಲೇ ಇದ್ದೆ. ಸಿನಿಮಾದ್ದು ಅಂತ ಹೇಳಿದವನು ನಾನೇ. ಅಮ್ಮ ಕೂಲಿಗೆ ಹೋಗ್ತಿದ್ದಳು ಅಂತ ಅವರ ಮುಂದೆ ಹೇಳ್ಲಿಕ್ಕೆ ನಾಚಿಕೆಯಾಯ್ತು ನಂಗೆ. ನಿನ್ನ ಹತ್ರವೂ ಸುಳ್ಳು ಹೇಳಿದೆ. ನನ್ನದು ತಪ್ಪಾಯ್ತು ಮಾರಾಯ್ತಿ. ನಿನ್ನ ಹಾಡಿಗೂ ತಪ್ಪು ಮಾಡಿದೆ, ಅಮ್ಮನಿಗೂ ಮಾಡಿದೆ. ನನ್ನನ್ನು ಕ್ಷಮಿಸು."