ಆ ಪ್ರಬಂಧ ತಿದ್ದಿದ್ದು ನಾನೇ

ಶಾಲಿನಿ, ನಿನ್ನ ಮಗಳು ಅವತ್ತು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದವಳು ನಾನು.

ಇಷ್ಟನ್ನು ಎದುರಿಗೆ ಕೂತು ಹೇಳಬೇಕೆಂದು ಎಷ್ಟು ಸಲ ನಿಮ್ಮ ಮನೆಗೆ ಬಂದಿದ್ದೇನೋ. ಬಂದಾಗಲೆಲ್ಲ ನೀನು "ಬನ್ನಿ ಸುಮಕ್ಕ, ಕೂತ್ಕೊಳಿ, ಡಿಕಾಕ್ಷನ್ ಇಳೀತಾ ಇದೆ" ಅನ್ನುತ್ತೀಯ. ಕಾಫಿ ಕುಡಿಯುತ್ತೇನೆ. ಮಾತು ನಮ್ಮ ಈ ಆಲ್ಡಿ ಊರಿನಲ್ಲಿ ಹೊಸದಾಗಿ ಏಳುತ್ತಿರುವ ಮನೆಗಳ ಕಡೆಗೋ, ಯಾರದೋ ಗ್ರೀನ್ ಕಾರ್ಡಿನ ಕಡೆಗೋ ಹೊರಳುತ್ತದೆ—ನಾನು ಲೋಟ ತೊಳೆದಿಟ್ಟು ಎದ್ದು ಬರುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡದಲ್ಲೇ ಬರೆಯುತ್ತಿದ್ದೇನೆ, ಯಾಕೆಂದರೆ ಇಂಗ್ಲಿಷಿನಲ್ಲಿ ನನಗೆ ನುಣುಚಿಕೊಳ್ಳಲು ಚೆನ್ನಾಗಿ ಬರುತ್ತದೆ.

ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಹೇಳುತ್ತೇನೆ. ಇಲ್ಲದಿದ್ದರೆ ನನಗೆ ಬೇಕಾದ ಕಡೆ ಅರ್ಧಕ್ಕೆ ನಿಲ್ಲಿಸಿಬಿಟ್ಟೇನು ಎಂಬ ಭಯ ನನಗೇ ಇದೆ.

ಮೈಸೂರಿನಲ್ಲಿ ವರ್ಷಗಟ್ಟಲೆ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಗ್ರಾಮರ್ ಕಲಿಸಿದವಳು ನಾನು. ನನ್ನ ಕ್ಲಾಸಿನಲ್ಲಿ ಯಾರೂ ಪಿಟಿಕ್ಕೆನ್ನುತ್ತಿರಲಿಲ್ಲ. ಇಲ್ಲಿ ಅಮೆರಿಕಕ್ಕೆ ಬಂದ ಮೇಲೆ ಮುರಳಿಯ ವೀಸಾಕ್ಕೆ ಜೋತುಬಿದ್ದ ಹೆಂಡತಿಯಾಗಿ, ಕೆಲಸಕ್ಕೆ ಹೋಗಲು ಅನುಮತಿಯಿಲ್ಲದೆ, ಅವನಿಗೆ ಡಬ್ಬಿ ಕಟ್ಟಿಕೊಂಡು ಕೂತೆ. ಆಮೇಲೆ ಕೋವಿಡ್ ಬಂತು. ಶಾಲೆಗಳು ಲ್ಯಾಪ್‌ಟಾಪಿನೊಳಗೆ ಸೇರಿಕೊಂಡವು. "ಸುಮಕ್ಕ, ನಮ್ಮ ಸಿರಿಗೆ ಕಾಮಾ ಎಲ್ಲಿ ಹಾಕ್ಬೇಕು ಅಂತಾನೇ ಗೊತ್ತಿಲ್ಲ, ಸ್ವಲ್ಪ ಹೇಳ್ಕೊಡ್ತೀರಾ?" ಎಂದು ಮೊದಲು ಕೇಳಿದವಳು ನೀನು. ಸಿರಿ ಬಂದಳು. ಅವಳ ಹಿಂದೆ ಬೀದಿಯ ಮಕ್ಕಳೆಲ್ಲ ಬಂದರು. ಮೊದಲು ಜೂಮ್‌ನಲ್ಲಿ, ಆಮೇಲೆ ನಮ್ಮ ಬೇಸ್‌ಮೆಂಟಿನಲ್ಲಿ, ಶನಿವಾರ ಬೆಳಿಗ್ಗೆ, ಮಾಸ್ಕ್ ಹಾಕಿಕೊಂಡು. ನಾನು 'ಫುಲ್ ಸ್ಟಾಪ್' ಅಂದರೆ ಮಕ್ಕಳು ಅದಕ್ಕೆ ಇಲ್ಲಿಯ ಹೆಸರು ಹಿಡಿದು "ಪೀರಿಯಡ್, ಆಂಟಿ, ಪೀರಿಯಡ್!" ಎಂದು ಕೂಗುವುದು, ನಾನು ಸ್ಕೇಲಿನಿಂದ ಟೇಬಲ್ ಕುಟ್ಟುವುದು—ಶಾಲಿನಿ, ಸುಳ್ಳು ಯಾಕೆ, ನನಗೆ ಹೋದ ಜೀವ ಬಂದ ಹಾಗಾಗಿತ್ತು. ಅಂಗಡಿಯಲ್ಲಿ ಗುರುತಿಲ್ಲದವರು ಬಂದು "ನೀವು ಗ್ರಾಮರ್ ಆಂಟಿ ಅಲ್ವಾ?" ಎಂದು ಕೇಳಿದ ದಿನ ನಾನು ಕೊತ್ತಂಬರಿ ಸೊಪ್ಪು ಕೊಳ್ಳುವುದನ್ನೇ ಮರೆತು ಮನೆಗೆ ಬಂದಿದ್ದೆ.

ಸಿರಿ ಎಂಟನೇ ಗ್ರೇಡಿನಲ್ಲಿದ್ದಾಗ ಆ ಹೈಸ್ಕೂಲಿನ ವಿಶೇಷ ರೈಟಿಂಗ್ ಪ್ರೋಗ್ರಾಮಿಗೆ ಅಪ್ಲೈ ಮಾಡಿದಳಲ್ಲ. ಒಂದು ಪ್ರಬಂಧ ಬರೆಯಬೇಕಿತ್ತು. ಸ್ವಂತ ಬರವಣಿಗೆಯಾಗಿರಬೇಕು ಎಂಬುದೇ ಅದರ ಮೊದಲ ಷರತ್ತು. ನಿನಗೆ ಇವತ್ತಿಗೂ ಗೊತ್ತಿಲ್ಲದ್ದು ಇದು—ಅವಳು ಬರೆದದ್ದು ನಿನ್ನ ಬಗ್ಗೆ. ಮನೆಯಿಂದಲೇ ಕೆಲಸ ಮಾಡುವಾಗ ನೀನು ಆಫೀಸ್ ಮೀಟಿಂಗಿನಲ್ಲಿದ್ದುಕೊಂಡೇ ದೋಸೆ ಹುಯ್ಯುತ್ತಿದ್ದದ್ದು, ಮ್ಯೂಟ್ ಮಾಡಲು ಮರೆತು "ಅಯ್ಯಯ್ಯೋ ಸೀದೇ ಹೋಯ್ತು!" ಎಂದು ಇಡೀ ಟೀಮಿಗೆ ಕೇಳುವ ಹಾಗೆ ಕಿರುಚಿದ್ದು, ಆಮೇಲೆ ನೀನೂ ಅವಳೂ ಅಡುಗೆಮನೆಯ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು. ಚಿಕ್ಕ ಚಿಕ್ಕ ವಾಕ್ಯಗಳು. ಅಲ್ಲಲ್ಲಿ ಕಾಮಾ ತಪ್ಪಿತ್ತು. ಓದಿ ನಾನೂ ನಕ್ಕಿದ್ದೆ.

ನಕ್ಕು ಸುಮ್ಮನಿದ್ದಿದ್ದರೆ ಸಾಕಾಗಿತ್ತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ನಮ್ಮವರಿಗೆ 'ಸ್ವಲ್ಪ ನೋಡಿಕೊಡಿ' ಅಂದರೆ ಏನೆಂದು ನಿನಗೂ ಗೊತ್ತು, ನನಗೂ ಗೊತ್ತು. ನೋಡಿಕೊಡುವುದೆಂದರೆ ಬರೆದುಕೊಡುವುದೇ. ಮೈಸೂರಿನಲ್ಲಿ ಭಾಷಣದ ಸ್ಪರ್ಧೆಗೆ ಹೋಗುವ ಮಕ್ಕಳಿಗೆ ನಾವು ಟೀಚರುಗಳೇ ಭಾಷಣ ಬರೆದು ಬಾಯಿಪಾಠ ಮಾಡಿಸುತ್ತಿದ್ದೆವು. ಅದು ತಪ್ಪೆಂದು ಯಾರ ತಲೆಗೂ ಹೊಳೆದಿರಲಿಲ್ಲ. ಇಲ್ಲಿಯೂ ಅದೇ ಕೈಚಳಕ ತೋರಿಸಿದೆ. ಅವಳ ವಾಕ್ಯಗಳನ್ನೆಲ್ಲ ಬೆಸೆದು ಉದ್ದ ಮಾಡಿದೆ, ನಡುವೆ ಸೆಮಿಕೋಲನ್ ಕೂರಿಸಿದೆ, ದೋಸೆ ಸೀದದ್ದನ್ನು ತೆಗೆದೇ ಹಾಕಿದೆ, ಕೊನೆಗೆ ತಾಯ್ತನದ ಹಿರಿಮೆಯ ಮೇಲೆ ಒಂದು ಪ್ಯಾರಾ ನಾನೇ ಬರೆದು ಸೇರಿಸಿದೆ. ಸಿರಿ ಎರಡು ಸಲ ಓದಿದಳು.

"ಆಂಟಿ, ಇದು ನಾನ್ ಬರ್ದಂಗೆ ಇಲ್ಲ" ಅಂದಳು.

"ನೀನು ಬರ್ದಂಗೆ ಇದ್ರೆ ಸೆಲೆಕ್ಟ್ ಆಗಲ್ಲ ಪುಟ್ಟಾ. ಸುಮ್ನೆ ಕಳ್ಸು" ಅಂದೆ ನಾನು.

ಕಳಿಸಿದಳು. ಆಂಟಿ ಹೇಳಿದ ಮೇಲೆ ಕಳಿಸದೆ ಏನು ಮಾಡಿಯಾಳು.

ಆಮೇಲಿನದು ನಿನ್ನ ಕಣ್ಣೆದುರೇ ನಡೆಯಿತು. ಅವಳ ಶಾಲೆಯ ಟೀಚರಿಗೆ ಸಂಶಯ ಬಂತು. ಸಿರಿಯನ್ನು ಕೇಳಿದರು, ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು—ನನ್ನ ಗ್ರಾಮರ್ ಆಂಟಿ ಬದಲಾಯಿಸಿದರು, ಮೊದಲು ಬರೆದದ್ದು ನಾನೇ, ಬೇಕಾದರೆ ಅವರನ್ನೇ ಕೇಳಿ. ಹಾಗೆ ನಾವೆಲ್ಲ ಆ ವೀಡಿಯೊ ಕಾಲ್‌ನಲ್ಲಿ ಸೇರಿದೆವು. ಆ ಟೀಚರು ಒಳ್ಳೆಯ ಹೆಂಗಸು. ನನಗೊಂದು ದಾರಿಯನ್ನೂ ಬಿಟ್ಟುಕೊಟ್ಟರು—ಸಹಾಯ ಮಾಡಿದ್ದು ಹೌದೆಂದರೆ ಸಿರಿಗೆ ಇನ್ನೊಮ್ಮೆ ಬರೆಯಲು ಅವಕಾಶ ಕೊಡುತ್ತೇವೆ ಅಂದರು. ಹೌದು ಎನ್ನಬೇಕಿತ್ತು, ಅಷ್ಟೇ. ಅಷ್ಟೇ ಇದ್ದದ್ದು.

ಆದರೆ ಅದಕ್ಕೆ ಮೊದಲು ಅವರು ಇನ್ನೊಂದು ಮಾತು ಹೇಳಿದ್ದರು. ಈ ಪ್ರಬಂಧ ಹಳೆಯ ಪಠ್ಯಪುಸ್ತಕದ ಹಾಗಿದೆ, ಇದರಲ್ಲಿ ಜೀವಂತ ಮನುಷ್ಯರೇ ಇಲ್ಲ ಎಂದು. ನನ್ನ ಬರವಣಿಗೆಗೆ ಶಾಲಿನಿ! ಇಡೀ ಆಲ್ಡಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸುವವಳ ಇಂಗ್ಲಿಷಿಗೆ! ಮುಖ ಸುಟ್ಟ ಹಾಗಾಯಿತು. ಪಕ್ಕದ ಚೌಕದಲ್ಲಿ ನೀನಿದ್ದೆ, ನನ್ನನ್ನೇ ನೋಡುತ್ತಿದ್ದೆ. ಆ ಬರವಣಿಗೆ ನನ್ನದೆಂದು ನಿನ್ನೆದುರು ಒಪ್ಪಿಕೊಳ್ಳುವುದು ನನ್ನಿಂದ ಆಗಲಿಲ್ಲ.

"ನಾನು ನಿಯಮಗಳನ್ನು ಕಲಿಸುತ್ತೇನೆ, ಅಷ್ಟೇ. ಈ ಪ್ರಬಂಧವನ್ನು ನಾನು ಮುಟ್ಟಿಲ್ಲ." ಇಂಗ್ಲಿಷಿನಲ್ಲಿ ಹೇಳಿದೆ. ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ.

ಸಿರಿ ಅಳಲಿಲ್ಲ, ಜಗಳವಾಡಲಿಲ್ಲ. "ಆಂಟಿ?" ಅಂದಳು, ಒಂದೇ ಸಲ. ನಾನು ಕ್ಯಾಮೆರಾದ ಕಡೆಯೇ ನೋಡುತ್ತ ಕೂತೆ.

ಮುರಳಿಗೆ ಆಮೇಲೆ ವೀಸಾದ ಕಥೆ ಹೇಳಿದೆ. ಕೆಲಸದ ಪರ್ಮಿಟ್ ಬರುವ ಮೊದಲೇ ಪಾಠ ಮಾಡಿದ್ದು ಶಾಲೆಯವರಿಗೆ ಗೊತ್ತಾದರೆ ತೊಂದರೆಯಲ್ಲವೇ, ಅದಕ್ಕೇ ಹಾಗೆ ಹೇಳಬೇಕಾಯಿತು ಎಂದೆ. ಅವನು ತಲೆಯಾಡಿಸಿದ, ನನ್ನ ಮನಸ್ಸಿಗೂ ಅದನ್ನೇ ಹೇಳಿ ಹೇಳಿ ನಂಬಿಸಿದೆ. ನಿಜವೇನೆಂದರೆ ಕೆಲಸದ ಪರ್ಮಿಟ್ ಅಷ್ಟರಲ್ಲಿ ನನ್ನ ಕೈಗೆ ಬಂದಾಗಿತ್ತು. ಅದು ಬಂದದ್ದಕ್ಕೆ ನೀನೇ ಕೇಸರಿಬಾತ್ ಮಾಡಿ ತಂದುಕೊಟ್ಟಿದ್ದೆ. ನನಗೆ ಯಾವ ಭಯವೂ ಇರಲಿಲ್ಲ. ಇದ್ದದ್ದು ಬರೀ ಜಂಬ.

ಅಷ್ಟಕ್ಕೇ ಮುಗಿದಿದ್ದರೆ—ಇಲ್ಲ, ಅಷ್ಟಕ್ಕೆ ಮುಗಿದಿದ್ದರೂ ತಪ್ಪು ತಪ್ಪೇ. ಆದರೆ ಮುಗಿಯಲಿಲ್ಲ. ಮುಂದಿನ ಶನಿವಾರ ನೀನು ಅವಳನ್ನು ಕರೆದುಕೊಂಡು ಬಂದೆ. ಅತ್ತು ಅತ್ತು ನಿನ್ನ ಕಣ್ಣು ಊದಿತ್ತು. "ಪ್ರೋಗ್ರಾಮ್ ಹೋದ್ರೆ ಹೋಗ್ಲಿ ಸುಮಕ್ಕ, ಪಾಠ ಹೇಳಿದೋರ ಮೇಲೆ ಸುಳ್ಳು ಹೊರಿಸಿದ್ಲಲ್ಲ, ಅದು ನಂಗೆ ಸಹಿಸಕ್ಕಾಗ್ತಿಲ್ಲ" ಅಂದೆ. ಆಮೇಲೆ ಅವಳ ಕಡೆ ತಿರುಗಿ "ಆಂಟಿ ಕಾಲಿಗೆ ನಮಸ್ಕಾರ ಮಾಡು. ಸಾರಿ ಹೇಳು" ಅಂದೆ.

ಆ ಮಗು ಬಗ್ಗಿತು, ಶಾಲಿನಿ. ದೇವರ ಮುಂದೆ ನಮಸ್ಕಾರ ಮಾಡುವಾಗಲೂ ಒಂದು ಕೈಯಲ್ಲಿ ಫೋನ್ ಹಿಡಿದಿರುತ್ತಿದ್ದ ಹುಡುಗಿ ಮಂಡಿಯೂರಿ ಎರಡೂ ಕೈಯಿಂದ ನನ್ನ ಪಾದ ಮುಟ್ಟಿದಳು. ಆಗಲಾದರೂ ಅವಳನ್ನು ಹಿಡಿದೆತ್ತಿ ನಿಜ ಹೇಳಬಹುದಿತ್ತು. ನಾನೇನು ಮಾಡಿದೆ ಗೊತ್ತಲ್ಲ? ಅವಳ ತಲೆಯ ಮೇಲೆ ಕೈಯಿಟ್ಟು "ಒಳ್ಳೇದಾಗ್ಲಿ ಪುಟ್ಟಾ" ಎಂದು ಆಶೀರ್ವಾದ ಮಾಡಿದೆ. ಥೂ, ನನ್ನ ಜನ್ಮಕ್ಕೆ! ಕಲಿಸಿದ ಗುರುವಿನ ಜಾಗದಲ್ಲಿ ನಿಂತು, ನಾನೇ ಸುಳ್ಳಿಯನ್ನಾಗಿಸಿದ ಮಗುವಿನಿಂದ ನಮಸ್ಕಾರ ತೆಗೆದುಕೊಂಡೆ. ವೀಡಿಯೊದಲ್ಲಿ ಹೇಳಿದ ಮಾತಿಗಿಂತ ಇದಕ್ಕೇ ನನಗೆ ಹೆಚ್ಚು ನಾಚಿಕೆ.

ಅವತ್ತಿನಿಂದ ನೀನು ಅವಳನ್ನು ನಂಬುವುದನ್ನು ಬಿಟ್ಟೆ. ನಾನು ನೋಡಿದ್ದೇನೆ. ಎಲ್ಲಿಗೆ ಹೋದೆ, ಯಾರ ಜೊತೆ, ಫೋನ್ ತೋರಿಸು—ಅವಳು ಹೇಳಿದ್ದನ್ನು ನೀನು ಇನ್ನೊಬ್ಬರ ಹತ್ತಿರ ಕೇಳಿ ಖಾತ್ರಿ ಮಾಡಿಕೊಳ್ಳುತ್ತೀಯ. ಅವಳು ನಿನ್ನ ಹತ್ತಿರ ಹೇಳುವುದನ್ನೇ ನಿಲ್ಲಿಸಿದ್ದಾಳೆ. ಹೋದ ತಿಂಗಳು ಗಣೇಶನ ಹಬ್ಬಕ್ಕೆ ಎಲ್ಲರೂ ಒಂದೊಂದು ಅಡುಗೆ ತಂದಿದ್ದ ಪಾಟ್‌ಲಕ್‌ನಲ್ಲಿ, ಪಾರ್ಕಿಂಗ್ ಲಾಟಿನಲ್ಲಿ ಯಾರೋ ನಿಮ್ಮ ಕಾರಿಗೆ ಗುದ್ದಿ ಹೋದರು ಎಂದು ಅವಳು ಹೇಳುತ್ತಿರುವಾಗ ನೀನು ಎಲ್ಲರೆದುರು ನಕ್ಕೆ. "ಇವಳ ಮಾತು ನಂಬ್ಬೇಡಿ. ಸುಮಕ್ಕಂಗೆ ಗೊತ್ತು ಇವಳ ವಿಷ್ಯ" ಅಂದೆ. ಸಿರಿ ನನ್ನನ್ನು ನೋಡಿದಳು. ನಾನು ತಟ್ಟೆಯಲ್ಲಿದ್ದ ಚಿತ್ರಾನ್ನ ಕಲಸುತ್ತ ನಿಂತಿದ್ದೆ.

ಅದಾದ ಮೇಲೆ ತಡೆಯಲಾಗಲಿಲ್ಲ. ಅವಳು ಶನಿವಾರ ಲೈಬ್ರರಿಯಲ್ಲಿ ಚಿಕ್ಕ ಮಕ್ಕಳಿಗೆ ಓದಿ ಹೇಳುತ್ತಾಳಲ್ಲ, ಅಲ್ಲಿಗೆ ಹೋಗಿ ಹೊರಗೆ ಕಾದು ನಿಂತೆ. ಅವಳು ಬಂದಾಗ ಎಲ್ಲ ಹೇಳಿದೆ. ಕೈ ಮುಗಿದೆ. ಸಾರಿ ಎಂದೆ, ತಪ್ಪಾಯಿತು ಎಂದೆ, ಎರಡು ಭಾಷೆಯಲ್ಲೂ ತೊದಲಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಸಿಟ್ಟು ಮಾಡಲಿಲ್ಲ.

"ನಂಗ್ಯಾಕೆ ಹೇಳ್ತೀರಿ ಆಂಟಿ?" ಅಂದಳು. "ಐ ವಾಸ್ ದೇರ್. ನಂಗೆ ಗೊತ್ತು. ಅಮ್ಮಂಗೆ ಹೇಳಿ."

ಹೇಳಿದ್ದೇನೆ, ಶಾಲಿನಿ. ಶಾಲೆಯವರಿಗೂ ಬರೆದಿದ್ದೇನೆ, ಅದರಿಂದ ಈಗ ಅವಳಿಗೆ ಏನೂ ಸಿಗುವುದಿಲ್ಲವೆಂದು ಗೊತ್ತು. ಬೇಸ್‌ಮೆಂಟಿನ ಕ್ಲಾಸ್ ನಿಲ್ಲಿಸಿದ್ದೇನೆ. ಯಾಕೆಂದು ಕೇಳಿದ ತಾಯಂದಿರಿಗೆ ಇದ್ದದ್ದನ್ನೇ ಹೇಳುತ್ತಿದ್ದೇನೆ. ನಿನ್ನ ಕ್ಷಮೆ ಕೇಳುವ ಮುಖ ನನಗಿಲ್ಲ. ನನ್ನನ್ನು ಬೈಯಬೇಕೆನಿಸಿದರೆ ಬಾ, ನಾನು ಮನೆಯಲ್ಲೇ ಇರುತ್ತೇನೆ, ಎಷ್ಟು ಬೈದರೂ ಎದುರು ಮಾತಾಡುವುದಿಲ್ಲ. ಆದರೆ ಅದು ಆಮೇಲೆ. ಮೊದಲು ಮೇಲೆ ಹೋಗಿ ಅವಳ ಕೋಣೆಯ ಬಾಗಿಲು ತಟ್ಟು.